ಉಪ್ಪು ಬೆವರಿನ ಮಗು ಶಾಲೆಗೆ ಹೊರಟಾಗ

ಮುಂಗಾರು ಮಳೆಯೂ ಶಾಲಾರಂಭವೂ ನಮ್ಮ ಕಾಸರಗೋಡಿನ ಕಡೆಗೆ ಒಟ್ಟಿಗೇ ಬರುತ್ತವೆ. ಹೊಸ ಕೊಡೆ, ಹೊಸ ಚೀಲ, ಬುತ್ತಿಗಳ ಆ ಸಂಭ್ರಮದ ನಡುವೆ ಎಲ್ಲೋ ಒಂದೆರಡು ಮನೆಗಳಲ್ಲಿ ತಂದೆತಾಯಿಗಳು ಬೇರೊಂದು ಚಿಂತೆಯಲ್ಲಿರುತ್ತಾರೆ. ಈ ಮಗುವನ್ನು ಶಾಲೆಗೆ ಕಳುಹಿಸಬಹುದೇ? ಕಳುಹಿಸಿದರೆ ಅಧ್ಯಾಪಕರಿಗೆ ಏನೆಂದು ಹೇಳುವುದು? ಹೇಳಿದ ಮೇಲೆ ಮಗುವನ್ನು ಒಂದು ಮೂಲೆಯಲ್ಲಿ ಕುಳ್ಳಿರಿಸಿಬಿಟ್ಟರೆ? ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುವ್ಯಾಧಿಯಿರುವ ಮಕ್ಕಳ ಮನೆಗಳು ಇವು. ಈ ರೋಗಕ್ಕೆ ನಮ್ಮ ನುಡಿಯಲ್ಲಿ ಒಂದು ಹೆಸರು ಕೂಡ ಇಲ್ಲ. ಹೆಸರಿಲ್ಲದ ರೋಗವನ್ನು ನೆರೆಹೊರೆಯವರಿಗೆ ವಿವರಿಸುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೇ ಗೊತ್ತು. ಆದುದರಿಂದ ಈ ಸಂಚಿಕೆಯ ಪುಟಗಳನ್ನು ಅಂಥ ಮಕ್ಕಳ ಶಾಲಾಜೀವನಕ್ಕೂ, ಅಲ್ಲಿ ಅವರಿಗೆ ತಗಲಬಹುದಾದ ಸೋಂಕುಗಳ ವಿಚಾರಕ್ಕೂ ಮೀಸಲಿಟ್ಟಿದ್ದೇವೆ. ಇಂಥ ಮಗು ತಮ್ಮ ಮನೆಯಲ್ಲಿ ಇಲ್ಲದ ವಾಚಕರೂ ಇದನ್ನು ಓದಬೇಕೆಂದು ನಮ್ಮ ಅಪೇಕ್ಷೆ. ಏಕೆಂದರೆ ಆ ಮಗುವಿನ ಪಕ್ಕದ ಬೆಂಚಿನಲ್ಲಿ ಕುಳಿತುಕೊಳ್ಳುವುದು ಅವರ ಮಗುವೇ.

ರೋಗದ ಮೂಲ ಉಪ್ಪಿನಲ್ಲಿದೆ. ನಮ್ಮ ಶರೀರದ ಜೀವಕೋಶಗಳ ಹೊರಪೊರೆಯಲ್ಲಿ ಉಪ್ಪಿನ ಅಂಶವಾದ ಕ್ಲೋರೈಡನ್ನು ಒಳಹೊರಗೆ ಬಿಡುವ ಒಂದು ಸಣ್ಣ ಬಾಗಿಲಿದೆ. ಅದನ್ನು ನಿರ್ಮಿಸುವ ವಂಶವಾಹಿ ಕೆಟ್ಟಿದ್ದರೆ ಶ್ವಾಸನಾಳಗಳ ಲೋಳೆಯಲ್ಲಿ ನೀರಿನ ಅಂಶ ಕಡಿಮೆಯಾಗಿ ಅದು ಹಲಸಿನ ಮೇಣದಂತೆ ಅಂಟಾಗುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳೂ ಹಾಗೆಯೇ ಕಟ್ಟಿಕೊಳ್ಳುವುದರಿಂದ ತಿಂದ ಜಿಡ್ಡು ಮೈಗೆ ಹತ್ತುವುದಿಲ್ಲ. ಬೆವರಿನಲ್ಲಿ ಮಾತ್ರ ಉಪ್ಪು ಮಿತಿಮೀರಿ ಹೊರಹೋಗುತ್ತದೆ. ಮಗುವಿನ ಹಣೆಗೆ ಮುತ್ತಿಟ್ಟ ತಾಯಿಗೆ ತುಟಿಯ ಮೇಲೆ ಉಪ್ಪು ಹತ್ತುತ್ತದೆ. ವೈದ್ಯೆ ಡೊರೊಥಿ ಆಂಡರ್ಸನ್ ಈ ರೋಗವನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದ್ದು 1938ರಲ್ಲಿ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದಲ್ಲಿ ವಿಪರೀತ ಸೆಕೆಯಾದಾಗ ಇಂಥ ಮಕ್ಕಳೇ ಹೆಚ್ಚಾಗಿ ಬಳಲಿ ಆಸ್ಪತ್ರೆ ಸೇರಿದುದನ್ನು ಕಂಡು, ಡಾ. ಡಿ ಸಾಂಟ್‌ಆಗ್ನೀಸ್ ಎಂಬವರು ಬೆವರನ್ನೇ ಪರೀಕ್ಷಿಸಿ, ಅದರಲ್ಲಿನ ಉಪ್ಪಿನ ಆಧಿಕ್ಯವನ್ನು 1953ರಲ್ಲಿ ಪ್ರಕಟಿಸಿದರು. ಇಂದಿಗೂ ರೋಗನಿರ್ಣಯಕ್ಕೆ ಬೆವರಿನ ಪರೀಕ್ಷೆಯೇ ಆಧಾರ. ಕೆಟ್ಟ ವಂಶವಾಹಿ ಯಾವುದೆಂದು ತಿಳಿದದ್ದು 1989ರಲ್ಲಿ. ತಂದೆ ತಾಯಿ ಇಬ್ಬರೂ ಆ ವಂಶವಾಹಿಯ ಒಂದೊಂದು ಪ್ರತಿಯನ್ನು ಹೊತ್ತಿದ್ದಾಗ ಮಾತ್ರ, ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ರೋಗ ಬರುವ ಸಂಭವವಿದೆ. ಹೊತ್ತವರಿಗೆ ತಾವು ಹೊತ್ತಿರುವುದೇ ತಿಳಿದಿರುವುದಿಲ್ಲ. ಇದರಲ್ಲಿ ಯಾರ ಪಾಪವೂ ಇಲ್ಲ, ಯಾವ ದೋಷವೂ ಇಲ್ಲ.

ನಮ್ಮ ದೇಶದಲ್ಲಿ ಈ ರೋಗವೇ ಇಲ್ಲವೆಂದು ಬಹುಕಾಲ ಭಾವಿಸಲಾಗಿತ್ತು. ಕೆಮ್ಮಿ ಸೊರಗುವ ಮಗುವನ್ನು ಕಂಡರೆ ಕ್ಷಯವೆಂದು ತಿಂಗಳುಗಟ್ಟಲೆ ಔಷಧ ಕೊಟ್ಟದ್ದೇ ಹೆಚ್ಚು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮಕ್ಕಳ ವೈದ್ಯರು ಕಡಿಮೆ ಖರ್ಚಿನಲ್ಲಿ ಬೆವರನ್ನು ಸಂಗ್ರಹಿಸುವ ದೇಶೀಯ ವಿಧಾನವನ್ನು ರೂಪಿಸಿ, ಇಲ್ಲಿಯೂ ಈ ಮಕ್ಕಳು ಇದ್ದಾರೆಂದು ತೋರಿಸಿಕೊಟ್ಟ ಮೇಲೆ ವೈದ್ಯಲೋಕದ ದೃಷ್ಟಿ ಬದಲಾಗುತ್ತ ಬಂದಿದೆ. ಆದರೆ ಶಾಲೆಗಳ ದೃಷ್ಟಿ ಇನ್ನೂ ಅಲ್ಲಿಯೇ ಇದೆ. ಕೆಮ್ಮೆಂದರೆ ಕ್ಷಯ, ಕೆಮ್ಮೆಂದರೆ ಅಂಟು. 2020ರ ಮಹಾಮಾರಿಯ ಬಳಿಕವಂತೂ ತರಗತಿಯಲ್ಲಿ ಒಂದು ಕೆಮ್ಮು ಕೇಳಿದರೆ ನಾಲ್ಕು ತಲೆಗಳು ತಿರುಗುತ್ತವೆ.

ಮೊತ್ತಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಈ ಮಗುವಿನ ರೋಗ ಯಾರಿಗೂ ಅಂಟುವುದಿಲ್ಲ. ಅದು ರಕ್ತಸಂಬಂಧದಿಂದ ಬಂದದ್ದು, ಗಾಳಿಯಿಂದ ಬಂದದ್ದಲ್ಲ. ಈ ಮಗುವಿನ ಕೆಮ್ಮು ಅಂಟಾದ ಕಫವನ್ನು ಹೊರಹಾಕಲು ಶರೀರ ಮಾಡುವ ಕೆಲಸ, ಅದನ್ನು ತಡೆಯಬಾರದು. ಪಾಠದ ನಡುವೆ ಕೆಮ್ಮು ಬಂದಾಗ ಹೊರಗೆ ಹೋಗಿಬರಲು, ಕಫವನ್ನು ಕಾಗದದ ಕರವಸ್ತ್ರದಲ್ಲಿ ತೆಗೆದು ಮುಚ್ಚಳವಿರುವ ಬುಟ್ಟಿಗೆ ಹಾಕಲು ಮಗುವಿಗೆ ಅವಕಾಶ ಬೇಕು. ಅಧ್ಯಾಪಕರ ಗದರಿಕೆಗೆ ಹೆದರಿ ಕಫವನ್ನು ನುಂಗಿಕೊಂಡು ಕುಳಿತಿರುವ ಮಗುವಿನ ಸ್ಥಿತಿ ನೆನೆದರೆ ನಮಗೆ ಸಂಕಟವಾಗುತ್ತದೆ.

ಭಯವಿರುವುದು ಇನ್ನೊಂದು ದಿಕ್ಕಿನಿಂದ. ಆರೋಗ್ಯವಂತರ ಶ್ವಾಸನಾಳಗಳಲ್ಲಿ ಸೂಕ್ಷ್ಮವಾದ ಕೇಶಗಳಿದ್ದು, ಒಳಹೊಕ್ಕ ಧೂಳನ್ನೂ ಜೀವಾಣುಗಳನ್ನೂ ತೆಳುವಾದ ಲೋಳೆಯೊಡನೆ ಮೇಲಕ್ಕೆ ತಳ್ಳುತ್ತಿರುತ್ತವೆ. ಈ ಮಗುವಿನಲ್ಲಿ ಆ ಪೊರಕೆ ಅಂಟಿನಲ್ಲಿ ಸಿಕ್ಕಿಕೊಂಡಿದೆ. ನಮ್ಮ ನಿಮ್ಮ ಮಕ್ಕಳಿಗೆ ಏನನ್ನೂ ಮಾಡಲಾಗದ, ಬಚ್ಚಲಿನ ಹಾವಸೆಯಲ್ಲಿಯೂ ಕೊಳೆತ ಎಲೆಯಲ್ಲಿಯೂ ಬದುಕಿಕೊಂಡಿರುವ ಸೂಡೊಮೊನಾಸ್‌ನಂಥ ಬಡ ಜೀವಾಣು ಇಲ್ಲಿ ಹೊಕ್ಕಿತೆಂದರೆ ಮನೆ ಕಟ್ಟಿಕೊಂಡುಬಿಡುತ್ತದೆ. ಆರಂಭದಲ್ಲಿಯೇ ಗೊತ್ತಾದರೆ, ಉಸಿರಿನ ಮೂಲಕ ಕೊಡುವ ಪ್ರತಿಜೈವಿಕ ಔಷಧದಿಂದ ಅದನ್ನು ಒಕ್ಕಲೆಬ್ಬಿಸಬಹುದು; ತಡವಾದರೆ ಅದು ತನ್ನ ಸುತ್ತ ಲೋಳೆಯ ಕೋಟೆ ಕಟ್ಟಿಕೊಂಡು ಜನ್ಮವಿಡೀ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಕಫವನ್ನು ಪರೀಕ್ಷೆಗೆ ಕೊಡಬೇಕೆಂದು ವೈದ್ಯರು ಒತ್ತಾಯಿಸುವುದು ಇದಕ್ಕಾಗಿಯೇ. ಮಗು ಆಡಿಕೊಂಡು ಚೆನ್ನಾಗಿದೆಯಲ್ಲ ಎಂದು ಈ ಪರೀಕ್ಷೆಯನ್ನು ತಪ್ಪಿಸುವ ಮನೆಯವರು, ಶಾಲೆಯಲ್ಲಿ ಎಷ್ಟು ಜಾಗ್ರತೆ ವಹಿಸಿದರೂ ಅದರ ಅರ್ಧ ಫಲವನ್ನು ಕಳೆದುಕೊಳ್ಳುತ್ತಾರೆ.

ಈ ಮಕ್ಕಳಿಗೆ ಪರಸ್ಪರರೇ ಅಪಾಯವೆಂಬ ಮಾತು ಜಗತ್ತಿಗೆ ತಿಳಿದ ರೀತಿ ದುಃಖದ್ದು. ಅಮೆರಿಕ, ಕೆನಡಾ ದೇಶಗಳಲ್ಲಿ ಈ ರೋಗವಿರುವ ಮಕ್ಕಳಿಗೆಂದೇ ಬೇಸಿಗೆ ಶಿಬಿರಗಳು ನಡೆಯುತ್ತಿದ್ದುವು. ಊರಿನಲ್ಲಿ ಒಂಟಿಯಾಗಿದ್ದ ಮಗು ಅಲ್ಲಿ ತನ್ನಂತೆಯೇ ಕೆಮ್ಮುವ, ತನ್ನಂತೆಯೇ ಮಾತ್ರೆ ನುಂಗುವ ಹತ್ತಾರು ಮಕ್ಕಳನ್ನು ಕಂಡು ಹಿಗ್ಗುತ್ತಿತ್ತು. 1980ರ ದಶಕದಲ್ಲಿ ಟೊರಾಂಟೊ ಮೊದಲಾದ ನಗರಗಳ ಚಿಕಿತ್ಸಾಕೇಂದ್ರಗಳಲ್ಲಿ ಒಂದು ಹೊಸ ಜೀವಾಣು ಕಾಣಿಸಿಕೊಂಡಿತು. ಅದು ಮೂಲತಃ ಈರುಳ್ಳಿಯನ್ನು ಕೊಳೆಯಿಸುವ ಜೀವಾಣು. ಸಸ್ಯರೋಗತಜ್ಞ ಬುರ್ಖೋಲ್ಡರ್ ಅದನ್ನು ಈರುಳ್ಳಿಯಲ್ಲಿ ಕಂಡು ವಿವರಿಸಿದ್ದರಿಂದ, ಇಂದು ಬುರ್ಖೋಲ್ಡೇರಿಯಾ ಸೆಪೇಸಿಯಾ ಎಂದು ಹೆಸರು. ಅದು ಹೊಕ್ಕ ಕೆಲವು ಮಕ್ಕಳು ಕೆಲವೇ ತಿಂಗಳುಗಳಲ್ಲಿ ತೀರಿಕೊಂಡರು. ಅದು ಒಬ್ಬರಿಂದೊಬ್ಬರಿಗೆ ಒಡನಾಟದಿಂದಲೇ ಹರಡುತ್ತದೆಂಬುದಕ್ಕೆ ಎಡಿನ್‌ಬರೋ, ಮ್ಯಾಂಚೆಸ್ಟರ್ ನಗರಗಳ ರೋಗಿಗಳ ಅಧ್ಯಯನ 1993ರಲ್ಲಿ ಆಧಾರ ಒದಗಿಸಿತು. ಶಿಬಿರಗಳು ನಿಂತುಹೋದುವು. ಒಬ್ಬರನ್ನೊಬ್ಬರು ಬಲ್ಲ ಮಕ್ಕಳು ಒಬ್ಬರನ್ನೊಬ್ಬರು ಕಾಣದಂತಾದರು. ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಪ್ರತಿಷ್ಠಾನವು 2003ರ ತನ್ನ ಸೂಚನೆಗಳಲ್ಲಿ ಇಬ್ಬರು ರೋಗಿಗಳ ನಡುವೆ ಮೂರು ಅಡಿ ಅಂತರವಿರಬೇಕೆಂದಿತ್ತು. ಕೆಮ್ಮಿದಾಗ ಸಿಡಿಯುವ ಹನಿಗಳು ಇನ್ನೂ ದೂರ ಹೋಗುತ್ತವೆಂದು ಕಂಡುಬಂದುದರಿಂದ 2013ರ ಪರಿಷ್ಕರಣೆಯಲ್ಲಿ ಅದನ್ನು ಆರು ಅಡಿಗೆ ಏರಿಸಿತು. ಒಂದೇ ಮನೆಯ ಅಣ್ಣತಂಗಿಯರಿಗೆ ಈ ರೋಗವಿದ್ದರೆ ಅವರ ಮಾತು ಬೇರೆ.

ಆದುದರಿಂದ ಒಂದೇ ಶಾಲೆಯಲ್ಲಿ ಬೇರೆ ಬೇರೆ ಮನೆಗಳ ಇಂಥ ಇಬ್ಬರು ಮಕ್ಕಳಿದ್ದರೆ ಅವರು ಬೇರೆ ಬೇರೆ ವಿಭಾಗಗಳಲ್ಲಿ ಇರಬೇಕು; ಊಟಕ್ಕೆ, ಆಟಕ್ಕೆ, ಗ್ರಂಥಾಲಯಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಬೇಕು; ಒಂದೇ ಪೆನ್ಸಿಲು, ಒಂದೇ ನೀರಿನ ಲೋಟ ಮುಟ್ಟಬಾರದು. ನಮ್ಮ ಸಣ್ಣ ಊರುಗಳ ಶಾಲೆಗಳಲ್ಲಿ ಇಂಥ ಸಂದರ್ಭ ಬಹಳ ಅಪರೂಪ. ಹಾಗೆ ಇಬ್ಬರು ಎದುರಾಗುವ ಸಂಭವವಿರುವುದು ಮಂಗಳೂರಿನಂಥ ನಗರದ ಆಸ್ಪತ್ರೆಯ ನಿರೀಕ್ಷಣಾ ಕೊಠಡಿಯಲ್ಲಿ. ಅಲ್ಲಿ ಇಬ್ಬರು ತಾಯಂದಿರು ಮಾತನಾಡಿಕೊಳ್ಳಲಿ, ದೂರವಾಣಿಯ ಸಂಖ್ಯೆ ಬದಲಾಯಿಸಿಕೊಳ್ಳಲಿ; ಮಕ್ಕಳು ಮಾತ್ರ ಬಾಯಿವಸ್ತ್ರ ಧರಿಸಿ ದೂರದೂರ ಕುಳಿತಿರಲಿ.

ಒಳ್ಳೆಯ ನಿಯಮವನ್ನು ಅರೆಬರೆ ತಿಳಿದವರು ಹಿಡಿದರೆ ಏನಾಗುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯದಲ್ಲಿ 2012ರಲ್ಲಿ ನಡೆದ ಒಂದು ಪ್ರಕರಣವನ್ನು ಹೇಳಬೇಕು. ಒಬ್ಬ ಬಾಲಕನ ವಂಶವಾಹಿಯಲ್ಲಿ ಈ ರೋಗಕ್ಕೆ ಸಂಬಂಧಿಸಿದ ವ್ಯತ್ಯಾಸಗಳಿದ್ದುವೇ ಹೊರತು, ರೋಗ ಇರಲಿಲ್ಲ. ತಂದೆತಾಯಿಗಳು ಶಾಲೆಯ ಆರೋಗ್ಯಪತ್ರದಲ್ಲಿ ಪ್ರಾಮಾಣಿಕವಾಗಿ ಅದನ್ನು ಬರೆದಿದ್ದರು. ಆ ವಿಷಯ ಶಾಲೆಯಿಂದ ಹೊರಬಿದ್ದು, ನಿಜವಾಗಿಯೂ ರೋಗವಿದ್ದ ಮಕ್ಕಳ ಮನೆಯವರ ಕಿವಿಗೆ ಬಿತ್ತು, ಅವರು ಆಕ್ಷೇಪಿಸಿದರು, ಈ ಬಾಲಕನನ್ನು ಬೇರೆ ಶಾಲೆಗೆ ಹೋಗೆಂದರು. ತಂದೆತಾಯಿಗಳು ನ್ಯಾಯಾಲಯದ ಮೆಟ್ಟಲು ಹತ್ತಿದ ಮೇಲೆ ಅವನು ತನ್ನ ಶಾಲೆಗೆ ಮರಳಿದನು. ಆದ ಅನ್ಯಾಯದ ಬಗೆಗಿನ ದಾವೆ ಒಮ್ಮೆ ವಜಾ ಆದರೂ 2016ರಲ್ಲಿ ಮೇಲಿನ ನ್ಯಾಯಾಲಯ ಅದಕ್ಕೆ ಮರುಜೀವ ಕೊಟ್ಟಿತು. ವಿಜ್ಞಾನ ಇಷ್ಟು ಬೆಳೆದ ನಾಡಿನಲ್ಲಿಯೇ ಹೀಗಾಯಿತು!

ನಮ್ಮಲ್ಲಿ ಈ ಅಪಾಯ ಹೆಚ್ಚೇ ಇದೆ ಎಂದು ನಾವು ಭಾವಿಸುತ್ತೇವೆ. ಯಾರನ್ನಾದರೂ ದೂರ ಇರಿಸುವುದನ್ನು ನಮ್ಮ ಸಮಾಜಕ್ಕೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಆ ವಿದ್ಯೆ ನಮಗೆ ತಲೆತಲಾಂತರದಿಂದ ಬಂದಿದೆ. ‘ಈ ಮಗುವನ್ನು ಸೋಂಕಿನಿಂದ ಕಾಪಾಡಿ’ ಎಂದು ವೈದ್ಯರು ಬರೆದುಕೊಟ್ಟ ಚೀಟಿ ಶಾಲೆಯನ್ನು ತಲಪುವಷ್ಟರಲ್ಲಿ ‘ಈ ಮಗುವಿನಿಂದ ದೂರವಿರಿ’ ಎಂದಾಗಲು ಎಷ್ಟು ಹೊತ್ತು ಬೇಕು? ಆರು ಅಡಿ ಅಂತರವೆಂಬುದು ಈ ರೋಗವಿರುವ ಇನ್ನೊಂದು ಮಗುವಿನಿಂದ ಮಾತ್ರ. ಉಳಿದ ನಲವತ್ತು ಮಕ್ಕಳ ಜತೆ ಅದು ಹೆಗಲಿಗೆ ಹೆಗಲು ಕೊಟ್ಟು ಕುಳಿತುಕೊಳ್ಳಬಹುದು, ಕೈ ಹಿಡಿದು ಆಡಬಹುದು. ನೆಗಡಿ, ಜ್ವರ ಬಂದ ಮಗುವಿನ ಪಕ್ಕದಿಂದ ಆ ಕೆಲವು ದಿನ ಇದನ್ನು ಬೇರೆಡೆಗೆ ಕುಳ್ಳಿರಿಸಿದರೆ ಸಾಕು. ಆಗಲೂ ಸರಿದು ಕುಳಿತದ್ದು ಎಲ್ಲರ ಕಣ್ಣಿಗೆ ಬೀಳದಂತೆ, ಇಡೀ ತರಗತಿಯ ಸ್ಥಾನಗಳನ್ನೇ ವಾರಕ್ಕೊಮ್ಮೆ ಬದಲಾಯಿಸುವ ಅಧ್ಯಾಪಕರನ್ನು ನಾವು ಜಾಣರೆನ್ನುತ್ತೇವೆ. ಕಿಟಕಿಯ ಬಳಿ, ಗಾಳಿಯಾಡುವಲ್ಲಿ ಸ್ಥಳ ಸಿಕ್ಕಿದರೆ ಉತ್ತಮ.

ಇನ್ನು ದಿನನಿತ್ಯದ ಜಾಗ್ರತೆಗಳು. ಇವುಗಳಲ್ಲಿ ನೀರಿನದೇ ಮೊದಲ ಮಾತು. ಸೂಡೊಮೊನಾಸ್ ಜೀವಾಣುವಿಗೆ ಒದ್ದೆ ಬೇಕು, ನಿಂತ ನೀರು ಬೇಕು. ಶಾಲೆಯ ಮೂಲೆಯಲ್ಲಿ ಬಕೆಟ್ಟಿನಲ್ಲಿ ನೀರು ತುಂಬಿಟ್ಟು ಎಲ್ಲ ಮಕ್ಕಳೂ ಅದರಲ್ಲಿಯೇ ಕೈ ಅದ್ದಿ ತೊಳೆಯುವ ಪದ್ಧತಿ ಇದ್ದರೆ ಅದನ್ನು ನಿಲ್ಲಿಸಬೇಕು. ಹರಿಯುವ ನಳ್ಳಿಯ ನೀರು ಮತ್ತು ಸಾಬೂನು ಇರಬೇಕು. ಕೈ ಒರಸಲು ನೇತುಹಾಕಿದ, ಎಂದೂ ಒಣಗದ ಆ ಒಂದು ಟವೆಲನ್ನು ತೆಗೆದುಹಾಕಿ, ಮಗು ತನ್ನದೇ ಕರವಸ್ತ್ರ ಬಳಸಲಿ. ಬುತ್ತಿ ಬಿಚ್ಚುವ ಮೊದಲು, ಕೆಮ್ಮಿದ ಮೇಲೆ, ಶೌಚದ ಬಳಿಕ ಕೈ ತೊಳೆಯುವುದು ಇಡೀ ತರಗತಿಗೆ ನಿಯಮವಾದರೆ ಒಂದು ಮಗುವನ್ನು ಬೊಟ್ಟುಮಾಡಿ ತೋರಿಸಿದಂತಾಗದು. ಕುದಿಸಿ ಆರಿಸಿದ ನೀರು ಕುಡಿಯುವ ಒಳ್ಳೆಯ ರೂಢಿ ನಮ್ಮ ಕಡೆ ಮೊದಲಿನಿಂದ ಇದೆ. ಅದನ್ನು ಮನೆಯಿಂದಲೇ ಕಳುಹಿಸಿರಿ. ಆದರೆ ನೀರಿನ ಬಾಟಲಿಯನ್ನು ರಾತ್ರಿ ತೊಳೆದು ಬೋರಲು ಹಾಕಿ ಪೂರ್ತಿ ಒಣಗಿಸುವುದನ್ನು ಹಲವರು ಮರೆಯುತ್ತಾರೆ. ಮುಚ್ಚಳದ ಸಂದಿನ ಕರಿಯ ಪಾಚಿಯನ್ನು ಒಮ್ಮೆ ನೋಡಿದವರು ಮತ್ತೆ ಮರೆಯಲಾರರು.

ಬಾಯಿಗೆ ತಾಗಿಸದೆ ಎತ್ತಿ ಕುಡಿಯುವುದನ್ನು, ಒಬ್ಬರ ಎಂಜಲನ್ನು ಒಬ್ಬರು ತಿನ್ನದಿರುವುದನ್ನು ನಮ್ಮ ಅಜ್ಜಿಯಂದಿರು ಕಟ್ಟುನಿಟ್ಟಾಗಿ ಕಲಿಸಿದ್ದರು. ಅದರ ಜತೆಗೆ ಬಂದ ಮಡಿ ಮೈಲಿಗೆಯನ್ನು ನಾವು ಒಪ್ಪುವವರಲ್ಲ. ಎಂಜಲಿನ ನಿಯಮವನ್ನು ಮಾತ್ರ ಇಂದಿನ ವೈದ್ಯರೂ ಒಪ್ಪುತ್ತಾರೆ.

ಎರಡನೆಯದು ಮಣ್ಣು. ಶಾಲೆಯ ತರಕಾರಿ ತೋಟದಲ್ಲಿ ಬುಡ ಬಿಡಿಸುವುದು, ಗೊಬ್ಬರದ ಗುಂಡಿಗೆ ಸೊಪ್ಪು ಹಾಕುವುದು, ಬೆಂಚು ಸರಿಸಿ ಧೂಳು ಗುಡಿಸುವುದು ಈ ಮಗುವಿನ ಪಾಲಿಗೆ ಬರಬಾರದು. ಕೊಳೆತ ಸೊಪ್ಪಿನಲ್ಲಿ, ಒದ್ದೆ ಹುಲ್ಲಿನಲ್ಲಿ ಬೆಳೆಯುವ ಬೂಸ್ಟಿನ ಕಣಗಳು ಉಸಿರಿನೊಡನೆ ಒಳಹೋದರೆ ಇವರಿಗೆ ತೊಂದರೆ ಹೆಚ್ಚು. ಅಲ್ಲದೆ ಉಡುಪಿ, ಮಂಗಳೂರಿನ ಕರಾವಳಿಯಲ್ಲಿ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಮೆಲಿಯಾಯ್ಡೋಸಿಸ್ ಎಂಬ ಜ್ವರಕ್ಕೆ ಕಾರಣವಾದ ಜೀವಾಣುವೂ ಈರುಳ್ಳಿಯ ಜೀವಾಣುವಿನ ಕುಲಕ್ಕೇ ಸೇರಿದ್ದು. ಅದರ ವಾಸ ಒದ್ದೆ ಮಣ್ಣಿನಲ್ಲಿ. ಆದುದರಿಂದ ಆಟಿ ತಿಂಗಳ ಕೆಸರಿನಲ್ಲಿ, ಗದ್ದೆಯ ನಿಂತ ನೀರಿನಲ್ಲಿ ಆಡಲು ಈ ಮಗುವನ್ನು ಬಿಡಬೇಡಿರಿ. ಕೆಸರುಗದ್ದೆಯ ಓಟದ ದಿನ ಅದಕ್ಕೆ ಅಂಕ ಬರೆಯುವ ಕೆಲಸವನ್ನೋ, ಗಂಟೆ ಬಾರಿಸುವ ಕೆಲಸವನ್ನೋ ವಹಿಸಬಹುದು. ಹಾಗೆಂದು ಆಟವನ್ನೇ ನಿಲ್ಲಿಸಬಾರದು! ಓಡುವುದು, ಜಿಗಿಯುವುದು, ಚೆಂಡಾಡುವುದು ಕಫವನ್ನು ಸಡಿಲಿಸುವ ಒಳ್ಳೆಯ ಮದ್ದು. ಒಣಗಿದ ಮೈದಾನದಲ್ಲಿ ಅದು ಬೆವರುವಷ್ಟು ಆಡಲಿ; ಕಳೆದುಹೋದ ಉಪ್ಪಿಗೆ ಬದಲು ಉಪ್ಪು ಹಾಕಿದ ಮಜ್ಜಿಗೆಯನ್ನೋ ಗಂಜಿತಿಳಿಯನ್ನೋ ಧಾರಾಳವಾಗಿ ಕುಡಿಯಲಿ. ಎಲ್ಲರಿಗೂ ಉಪ್ಪು ಕಡಿಮೆ ಮಾಡಿರೆಂದು ಹೇಳುವ ಈ ಕಾಲದಲ್ಲಿ, ಇನ್ನಷ್ಟು ಉಪ್ಪು ತಿನ್ನೆಂದು ವೈದ್ಯರಿಂದ ಹೇಳಿಸಿಕೊಳ್ಳುವ ಮಗು ಇದೊಂದೇ ಇರಬೇಕು.

ಮೂರನೆಯದು ಲಸಿಕೆ. ಬಾಲ್ಯದ ಎಲ್ಲ ಲಸಿಕೆಗಳ ಜತೆಗೆ ಇನ್ಫ್ಲುಯೆಂಜಾ ಲಸಿಕೆಯನ್ನು ಪ್ರತಿವರ್ಷವೂ ಹಾಕಿಸಬೇಕು. ನಮ್ಮ ಕಡೆ ಈ ಜ್ವರ ಮಳೆಗಾಲದಲ್ಲಿಯೇ ಹೆಚ್ಚಾಗಿ ಹಬ್ಬುವುದರಿಂದ ಮಳೆಗೆ ಮೊದಲೇ, ಬೇಸಿಗೆ ರಜೆಯಲ್ಲಿಯೇ ವೈದ್ಯರನ್ನು ಕೇಳಿ ಹಾಕಿಸುವುದು ಲೇಸು. ಮನೆಯ ಉಳಿದವರೂ ಹಾಕಿಸಿಕೊಂಡರೆ ಮಗುವಿಗೆ ಇನ್ನೊಂದು ಬೇಲಿ ಹಾಕಿದಂತೆ.

ಮಧ್ಯಾಹ್ನದ ಊಟದೊಡನೆ ನುಂಗಬೇಕಾದ ಕ್ಯಾಪ್ಸೂಲುಗಳ ವಿಚಾರವನ್ನೂ ಅಧ್ಯಾಪಕರಿಗೆ ತಿಳಿಸಿಡಬೇಕು. ಜೀರ್ಣರಸದ ಈ ಔಷಧವಿಲ್ಲದೆ ತಿಂದ ಅನ್ನ ವ್ಯರ್ಥ. ಸೊರಗಿದ ಮೈಗೆ ಸೋಂಕನ್ನು ಎದುರಿಸುವ ಬಲವಿಲ್ಲ. ಇದು ಹಂದಿಯ ಮೇದೋಜೀರಕ ಗ್ರಂಥಿಯಿಂದ ತಯಾರಾಗುವುದೆಂದು ತಿಳಿದು ಹಿಂಜರಿಯುವ ಮನೆತನಗಳು ಎಲ್ಲ ಮತಗಳಲ್ಲಿಯೂ ಇವೆ. ಮಗುವಿನ ಪ್ರಾಣಕ್ಕೆ ಬೇಕಾದುದನ್ನು ಔಷಧವೆಂದೇ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ. 2019ರಿಂದೀಚೆಗೆ ರೋಗದ ಮೂಲದೋಷವನ್ನೇ ಬಹುಮಟ್ಟಿಗೆ ತಿದ್ದುವ ಮಾತ್ರೆಗಳು ಶ್ರೀಮಂತ ದೇಶಗಳಲ್ಲಿ ದೊರೆಯುತ್ತಿವೆ. ಅವುಗಳ ಬೆಲೆ ನಮ್ಮ ಮನೆಗಳ ಕೈಗೆಟುಕುವಂಥದಲ್ಲ. ನಮ್ಮ ಮಕ್ಕಳಿಗೆ ಸದ್ಯಕ್ಕೆ ಸಾಬೂನು, ಲಸಿಕೆ, ಉಪ್ಪು, ವ್ಯಾಯಾಮ, ಸಕಾಲದ ಪರೀಕ್ಷೆ ಇವೇ ಆಸರೆ.

ಶಾಲೆಗೆ ಹೇಳಬೇಕೇ ಬೇಡವೇ ಎಂಬ ಪ್ರಶ್ನೆಗೆ ನಮ್ಮ ಉತ್ತರ: ಹೇಳಬೇಕು, ಆದರೆ ಯಾರಿಗೆ, ಎಷ್ಟು, ಹೇಗೆ ಎಂಬುದನ್ನು ಯೋಚಿಸಿ ಹೇಳಬೇಕು. ಮುಖ್ಯೋಪಾಧ್ಯಾಯರಿಗೆ, ತರಗತಿಯ ಅಧ್ಯಾಪಕರಿಗೆ, ಊಟ ಬಡಿಸುವವರಿಗೆ ತಿಳಿದಿದ್ದರೆ ಸಾಕು. ವೈದ್ಯರಿಂದ ಅರ್ಧ ಪುಟದ ಒಂದು ಪತ್ರವನ್ನು ಬರೆಯಿಸಿಕೊಳ್ಳಿರಿ. ಅದರ ಮೊದಲ ವಾಕ್ಯದಲ್ಲಿಯೇ ‘ಈ ರೋಗ ಅಂಟುವಂಥದಲ್ಲ’ ಎಂದಿರಲಿ. ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ವೈದ್ಯರ ಪತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಮನೆಯವರ ಮಾತು ಕನ್ನಡ ಅಥವಾ ತುಳು. ಕನ್ನಡ ಮಾಧ್ಯಮದ ಶಾಲೆಗೇ ಕನ್ನಡ ಅರಿಯದ ಅಧ್ಯಾಪಕರು ನೇಮಕವಾಗಿ ಬಂದ ಪ್ರಸಂಗಗಳು, ಅದಕ್ಕಾಗಿ ನಡೆದ ಪ್ರತಿಭಟನೆಗಳು ವಾಚಕರಿಗೆ ಗೊತ್ತೇ ಇವೆ. ಆರು ವರ್ಷದ ಮಗು ‘ನನಗೆ ಉಸಿರು ಕಟ್ಟುತ್ತಿದೆ’ ಎಂದು ಹೇಳಿದುದು ಎದುರಿನವರಿಗೆ ಅರ್ಥವಾಗದೆ ಹೋದರೆ ಅದನ್ನು ಭಾಷಾಪ್ರಶ್ನೆಯೆಂದು ಮಾತ್ರ ಕರೆಯಲು ಸಾಧ್ಯವೇ? ಆದುದರಿಂದ ಪತ್ರವನ್ನು ಕನ್ನಡ, ಮಲಯಾಳ ಎರಡರಲ್ಲಿಯೂ ಬರೆಯಿಸಿ ಕೊಡುವುದು ಒಳಿತು.

ಯಾವುದಾದರೂ ಶಾಲೆ ಮಗುವನ್ನು ಸೇರಿಸಿಕೊಳ್ಳಲು ಅನುಮಾನಿಸಿದರೆ, 2009ರ ಶಿಕ್ಷಣ ಹಕ್ಕು ಕಾಯಿದೆಯನ್ನು ವಿನಯದಿಂದಲೇ ನೆನಪಿಸಬಹುದು. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣವನ್ನು ಆ ಕಾಯಿದೆ ಹಕ್ಕೆಂದು ಸಾರಿದೆ. ಪ್ರಾಥಮಿಕ ಶಿಕ್ಷಣ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ.

2020ರ ಮಾರ್ಚ್ ತಿಂಗಳಿನಲ್ಲಿ ತಲಪಾಡಿಯ ಗಡಿಯಲ್ಲಿ ಮಂಗಳೂರಿನ ದಾರಿ ಮುಚ್ಚಿಹೋದುದನ್ನು ನಮ್ಮವರು ಮರೆತಿಲ್ಲ. ರೋಗಿಗಳ ವಾಹನಗಳೇ ಅಲ್ಲಿ ನಿಂತುಬಿಟ್ಟಿದ್ದುವು. ಆ ಅನುಭವದ ಬಳಿಕ, ಮಗುವಿನ ಔಷಧಗಳನ್ನು ಒಂದು ತಿಂಗಳಿಗೆ ಸಾಲುವಷ್ಟು ಮನೆಯಲ್ಲಿ ಹೆಚ್ಚುವರಿಯಾಗಿ ಇರಿಸಿಕೊಳ್ಳಿರೆಂದೂ, ಸಮೀಪದ ಒಬ್ಬ ವೈದ್ಯರಿಗೆ ಮಗುವಿನ ದಾಖಲೆಗಳ ಪ್ರತಿ ಕೊಟ್ಟಿಡಿರೆಂದೂ ಸೂಚಿಸುತ್ತೇವೆ.

ಎಷ್ಟು ಜಾಗ್ರತೆ ಮಾಡಿದರೂ ವರ್ಷದಲ್ಲಿ ಒಂದೆರಡು ಸಲ ಸೋಂಕು ತಗಲೀತು. ಎರಡು ವಾರ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಔಷಧ ಪಡೆಯಬೇಕಾದೀತು. ಆಗ ಮಗುವಿನ ಹಾಜರಿ ಕಡಿಮೆಯಾಗುತ್ತದೆ, ಪಾಠ ತಪ್ಪುತ್ತದೆ. ಇನ್ನು ಶಾಲೆಯೇ ಬೇಡವೆಂಬ ಮಾತು ಮನೆಯ ಹಿರಿಯರಿಂದಲೇ ಹೊರಡುವುದು ಇಂಥ ಸಮಯದಲ್ಲಿ. ತರಗತಿಯ ಅಧ್ಯಾಪಕರು ಆ ದಿನಗಳ ಪಾಠವನ್ನು ಒಬ್ಬ ಸಹಪಾಠಿಯ ನೋಟ್ ಪುಸ್ತಕದಿಂದ ದೂರವಾಣಿಯಲ್ಲಿ ಚಿತ್ರ ತೆಗೆದು ಕಳುಹಿಸಿದರೆ, ಮಗು ಹಾಸಿಗೆಯಲ್ಲಿಯೇ ಬರೆದುಕೊಳ್ಳಬಹುದು. ಪರೀಕ್ಷೆಯ ದಿನವೇ ಜ್ವರ ಬಂದರೆ ಇನ್ನೊಂದು ದಿನ ಬರೆಯಲು ಅನುಮತಿಯನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಸೂಕ್ತ. ಮಗು ಹಿಂತಿರುಗಿ ಬರುವ ದಿನ, ಅದರ ಸ್ಥಾನದಲ್ಲಿ ಬೇರೆ ಯಾರನ್ನೂ ಕುಳ್ಳಿರಿಸದೆ ಖಾಲಿ ಇಟ್ಟಿರಿ.